ಹಕ್ಕು ಉಳಿಯಿತು, ಉದ್ದೇಶ ಅಳಿಯಿತು



ಅಮೇರಿಕದ ಶಾಲೆಗಳಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಮಕ್ಕಳ ಶವಗಳನ್ನು ಕಂಡ ಮೇಲೂ ಆ ದೇಶ ಬಂದೂಕನ್ನು ಕೆಳಗಿಡುವುದಿಲ್ಲವೇಕೆ? 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು 6 ಮಂದಿ ಸಿಬ್ಬಂದಿ ಹತ್ಯೆಗೀಡಾದರು. 2022ರಲ್ಲಿ ಟೆಕ್ಸಾಸ್‌ನ ಉವಾಲ್ಡೆಯಲ್ಲಿ 19 ಮಕ್ಕಳು ಹಾಗೂ ಇಬ್ಬರು ಶಿಕ್ಷಕಿಯರು ಬಲಿಯಾದರು. ಪ್ರತಿ ಬಾರಿಯೂ ಬರುವ ಉತ್ತರ ಒಂದೇ: ಅದು ಸಂವಿಧಾನ ಕೊಟ್ಟ ಹಕ್ಕು. ಹಾಗಾದರೆ ಸಂವಿಧಾನ ಆ ಹಕ್ಕನ್ನು ಕೊಟ್ಟದ್ದು ಯಾತಕ್ಕಾಗಿ?

1791ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಎರಡನೇ ತಿದ್ದುಪಡಿ ಕೇವಲ ಒಂದು ವಾಕ್ಯದ್ದು. ಅದರ ಮೊದಲರ್ಧದಲ್ಲೇ ಕಾರಣವಿದೆ. ಸ್ವತಂತ್ರ ರಾಜ್ಯದ ಭದ್ರತೆಗೆ ಸುವ್ಯವಸ್ಥಿತವಾದ ನಾಗರಿಕ ಪಡೆ ಅವಶ್ಯ; ಆದ್ದರಿಂದ ಆಯುಧ ಹೊಂದುವ ಜನರ ಹಕ್ಕಿಗೆ ಚ್ಯುತಿ ಬರಬಾರದು ಎಂಬುದು ಅದರ ಸಾರ. ಬ್ರಿಟಿಷ್ ದೊರೆಯ ಕಾಯಂ ಸೈನ್ಯದ ದರ್ಪವನ್ನು ಆ ಜನ ಅನುಭವಿಸಿದ್ದರು. 1775ರಲ್ಲಿ ಬ್ರಿಟಿಷ್ ಸೈನಿಕರು ಕಾಂಕರ್ಡ್ ಊರಿಗೆ ನುಗ್ಗಿದ್ದು ಅಲ್ಲಿನ ಶಸ್ತ್ರಸಂಗ್ರಹವನ್ನು ನಾಶಗೊಳಿಸಲಿಕ್ಕಾಗಿಯೇ. ಹೊಸ ಕೇಂದ್ರ ಸರಕಾರವೂ ಮುಂದೊಂದು ದಿನ ಅಂಥದೇ ಸೈನ್ಯ ಕಟ್ಟಿ ರಾಜ್ಯಗಳನ್ನು ತುಳಿದೀತು ಎಂಬ ಭಯ ಅವರಿಗಿತ್ತು. ಆ ಭಯಕ್ಕೆ ಅವರು ಕಂಡುಕೊಂಡ ಪರಿಹಾರವೇ ನಾಗರಿಕರ ಪಡೆ.

ಆದರೆ ಆ ‘ಜನರು’ ಯಾರು? ಮರುವರ್ಷ, ಅಂದರೆ 1792ರಲ್ಲಿ ಬಂದ ಕಾನೂನು ಅದಕ್ಕೆ ಉತ್ತರಿಸಿತು. 18ರಿಂದ 45 ವರ್ಷದೊಳಗಿನ ಸ್ವತಂತ್ರ, ದೃಢಕಾಯ, ಬಿಳಿಯ ಪುರುಷರು ಪಡೆಗೆ ಸೇರಬೇಕು. ತಮ್ಮ ಬಂದೂಕನ್ನು ತಾವೇ ತರಬೇಕು. ಕಪ್ಪುವರ್ಣೀಯರು ಆ ಪಟ್ಟಿಯಲ್ಲಿರಲಿಲ್ಲ. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಟಾನಿ, ಕಪ್ಪುವರ್ಣೀಯರನ್ನು ಪೌರರೆಂದು ಒಪ್ಪಿದರೆ ಅವರು ಹೋದಲ್ಲೆಲ್ಲ ಆಯುಧ ಒಯ್ಯುವ ಹಕ್ಕನ್ನೂ ಪಡೆಯುತ್ತಾರೆ ಎಂಬುದನ್ನು ಪೌರತ್ವ ನಿರಾಕರಣೆಗೆ ಒಂದು ಕಾರಣವಾಗಿಯೇ ಮುಂದಿಟ್ಟರು. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಕಾನೂನಿಗೆ ಅನುಗುಣವಾಗಿಯೇ ಬಂದೂಕು ಹಿಡಿದು ಓಕ್ಲೆಂಡ್‌ನಲ್ಲಿ ಪೊಲೀಸರ ಮೇಲೆ ಕಣ್ಣಿಟ್ಟಾಗ, ಕ್ಯಾಲಿಫೋರ್ನಿಯಾ ಆ ಕಾನೂನನ್ನೇ ಬದಲಿಸಿತು. ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್. ಬಂದೂಕು ಹಕ್ಕಿನ ಕಾವಲುಗಾರನೆನಿಸಿದ ರಾಷ್ಟ್ರೀಯ ರೈಫಲ್ ಸಂಘವೂ ಅದನ್ನು ಬೆಂಬಲಿಸಿತು!

ಇನ್ನು ನ್ಯಾಯಾಲಯದ ಮಾತು. 1939ರಲ್ಲಿ ಅಮೇರಿಕದ ಸುಪ್ರೀಂ ಕೋರ್ಟ್ ಈ ಹಕ್ಕನ್ನು ನಾಗರಿಕ ಪಡೆಯ ಉದ್ದೇಶದೊಂದಿಗೆ ಜೋಡಿಸಿಯೇ ಓದಿತ್ತು. 2008ರ ಹೆಲ್ಲರ್ ಪ್ರಕರಣದಲ್ಲಿ 5-4ರ ಬಹುಮತದಿಂದ ಅದು ಬೇರೆ ದಾರಿ ಹಿಡಿಯಿತು. ಪಡೆಯ ಸೇವೆಗೆ ಸಂಬಂಧವಿಲ್ಲದೆಯೂ, ಸ್ವರಕ್ಷಣೆಗಾಗಿ ಮನೆಯಲ್ಲಿ ಬಂದೂಕು ಇಡುವುದು ವ್ಯಕ್ತಿಯ ಹಕ್ಕು ಎಂದಿತು. 2022ರಲ್ಲಿ ಅದನ್ನು ಸಾರ್ವಜನಿಕ ಸ್ಥಳಗಳಿಗೂ ವಿಸ್ತರಿಸಿತು. ಹೀಗೆ ವಾಕ್ಯದ ಮೊದಲರ್ಧ ಮರೆಗೆ ಸರಿಯಿತು, ಎರಡನೆಯರ್ಧ ಉಳಿಯಿತು. 2021ರ ಒಂದೇ ವರ್ಷದಲ್ಲಿ ಅಲ್ಲಿ ಬಂದೂಕಿಗೆ ಬಲಿಯಾದವರು 48 ಸಾವಿರಕ್ಕೂ ಅಧಿಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ದಬ್ಬಾಳಿಕೆಯ ಸರಕಾರದ ಕಡೆಗೆ ತಿರುಗಬೇಕಾಗಿದ್ದ ಕೋವಿ ಮನೆಯವರ ಕಡೆಗೇ ತಿರುಗಿತು.

ಸಹೋದರರೇ, ಇದೇ ಪ್ರಶ್ನೆ ನಮ್ಮ ಸಂವಿಧಾನ ಸಭೆಯ ಮುಂದೆಯೂ ಬಂದಿತ್ತು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? 1878ರ ಆಯುಧ ಕಾನೂನು ಭಾರತೀಯರನ್ನು ನಿರಾಯುಧರನ್ನಾಗಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಆ ಅವಮಾನದ ನೆನಪಿನಿಂದಲೇ 1931ರ ಕರಾಚಿ ಠರಾವಿನಲ್ಲಿ ಕಾಂಗ್ರೆಸ್, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. 1948ರ ಡಿಸೆಂಬರ್‌ನಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಆ ಹಕ್ಕನ್ನು ಸಂವಿಧಾನದಲ್ಲಿ ಸೇರಿಸುವಂತೆ ತಿದ್ದುಪಡಿ ಮಂಡಿಸಿದರು. ಪ್ರತಿಯೊಬ್ಬನೂ ಪೇಟೆಗೆ ಹೋಗಿ ತನಗಿಷ್ಟವಾದ ಆಯುಧ ಕೊಳ್ಳುವ ಹಕ್ಕು ಪಡೆದರೆ ಆಡಳಿತ ನಡೆಸುವುದು ಹೇಗೆ ಎಂದು ಡಾ. ಅಂಬೇಡ್ಕರ್ ಪ್ರಶ್ನಿಸಿದರು. ಸಭೆ ತಿದ್ದುಪಡಿಯನ್ನು ಒಪ್ಪಲಿಲ್ಲ. ಬದಲಾಗಿ, ಶಾಂತಿಯುತವಾಗಿ ಹಾಗೂ ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು 19ನೇ ವಿಧಿ ಕೊಟ್ಟಿತು. ಅದೇ ತಿಂಗಳು ಅಂಬೇಡ್ಕರರು, ಹಕ್ಕುಗಳ ರಕ್ಷಣೆಗಾಗಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ವಿಧಿಯನ್ನು, ಅಂದರೆ ಇಂದಿನ 32ನೇ ವಿಧಿಯನ್ನು, ಸಂವಿಧಾನದ ಆತ್ಮವೆಂದು ಕರೆದರು.

ದಬ್ಬಾಳಿಕೆಯ ಭಯ ಅಲ್ಲಿಯೂ ಇತ್ತು, ಇಲ್ಲಿಯೂ ಇತ್ತು. ಅವರು ಪ್ರಜೆಯ ಕೈಗೆ ಬಂದೂಕು ಕೊಟ್ಟರು, ನಮ್ಮವರು ಅರ್ಜಿ ಕೊಟ್ಟರು. ಕೋವಿಗೆ ಹೋಲಿಸಿದರೆ ಅರ್ಜಿ ದುರ್ಬಲವಾಗಿ ಕಾಣಬಹುದು. ರಕ್ಷಿಸಬೇಕಾದವರೇ ಕೈಕಟ್ಟಿ ನಿಂತಾಗ ನೊಂದವನಿಗೆ ಆಯುಧದ ನೆನಪಾಗುವುದನ್ನೂ ನಾನು ಅಲ್ಲಗಳೆಯಲಾರೆ. ಆದರೆ ಅಮೇರಿಕದ ಚರಿತ್ರೆ ಹೇಳುವುದನ್ನು ಗಮನಿಸಿ. ಬಂದೂಕಿನ ಹಕ್ಕು ಬಲಾಢ್ಯನಿಗೆ ಹಕ್ಕಾಗಿಯೇ ಉಳಿಯುತ್ತದೆ, ದುರ್ಬಲನ ಕೈಗೆ ಬಂದೊಡನೆ ಅಪರಾಧವಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಆಯುಧವಾಗಬಾರದು. ಪ್ರಜೆಗಳಿಗೆ ಆಯುಧದ ಹಕ್ಕನ್ನು ನಿರಾಕರಿಸಿದ ರಾಜ್ಯವು ಅವರ ರಕ್ಷಣೆಯ ಪೂರ್ಣ ಹೊಣೆಯನ್ನು ಹೊತ್ತುಕೊಂಡಿದೆ. ಅದು ದಯೆಯಲ್ಲ, ಸಾಲ. ಆ ಸಾಲವನ್ನು ಪ್ರತಿ ಠಾಣೆಯಲ್ಲಿ, ಪ್ರತಿ ನ್ಯಾಯಾಲಯದಲ್ಲಿ, ಪ್ರತಿ ಚುನಾವಣೆಯಲ್ಲಿ ಕೇಳಿ ವಸೂಲಿ ಮಾಡುವುದು ನಮ್ಮ ಕೆಲಸ. ನಾವು ಕೇಳುವುದನ್ನು ನಿಲ್ಲಿಸಿದ ದಿನ ನಮ್ಮಲ್ಲಿಯೂ ಹಕ್ಕು ಪುಸ್ತಕದಲ್ಲಿ ಉಳಿದು, ಅದರ ಉದ್ದೇಶ ಅಳಿದುಹೋದೀತು.