ಇರುವಷ್ಟು ದಿನ ಇದೇ ನನ್ನ ಊರು



ಕರಾವಳಿಯಲ್ಲಿ ಹುಟ್ಟಿ ಬೆಳೆದವರೊಬ್ಬರಿಗೆ ಚಳ್ಳಕೆರೆಗೋ ಮೊಳಕಾಲ್ಮುರಿಗೋ ನಿಯೋಜನೆಯ ಆದೇಶ ಬಂತು ಎನ್ನಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ಬಿಟ್ಟು, ಐನೂರರ ಆಸುಪಾಸಿನಲ್ಲೇ ಬದುಕು ನಡೆಸುವ ಸೀಮೆಗೆ ಅವರು ಬರಬೇಕು. ತೆಂಗು, ಅಡಿಕೆಯ ನೆರಳಿನ ಬದಲು ಬಂಡೆಗುಡ್ಡ, ಶೇಂಗಾ ಹೊಲ. ಕುಚ್ಚಲಕ್ಕಿ ಗಂಜಿಯ ಬದಲು ರಾಗಿಮುದ್ದೆ. ಬೀದಿಗಿಳಿದರೆ ಕನ್ನಡದ ಜೊತೆಗೇ ತೆಲುಗು. ಆಗ ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ: "ಹೇಗೂ ಸ್ವಲ್ಪ ದಿನ ತಾನೇ?"

ಕೇಳಲು ಹಿತವಾದ ಈ ಮಾತು ಬದುಕನ್ನು ಅರ್ಧ ಮಾಡಿಬಿಡುತ್ತದೆ. ಸ್ವಲ್ಪ ದಿನ ತಾನೇ ಎಂದುಕೊಂಡವರು ಪಕ್ಕದ ಮನೆಯವರ ಹೆಸರು ಕೇಳುವುದಿಲ್ಲ. ಶನಿವಾರದ ಬಸ್ಸಿನ ಮೇಲೆಯೇ ಕಣ್ಣು. ಕ್ರಮೇಣ ಕೆಲಸವೂ ಅರೆಮನಸ್ಸಿನದಾಗುತ್ತದೆ. ಆದರೆ ಯೋಚಿಸಿ: ನಿಯೋಜನೆ ಮೇಲೆ ಬಂದ ಶಿಕ್ಷಕರಿಗೆ ಅದು ಹೇಗೋ ಕಳೆಯಬೇಕಾದ ಒಂದು ವರ್ಷ. ಮುಂದಿನ ಬೆಂಚಿನಲ್ಲಿ ಕುಳಿತ ಮಗುವಿಗೆ ಅದು ಜೀವನದ ಒಂದೇ ಒಂದು ಏಳನೇ ತರಗತಿ. ವೈದ್ಯರಿಗೆ ತಾತ್ಕಾಲಿಕವಾದ ಆಸ್ಪತ್ರೆಯೇ ಹೆರಿಗೆಗೆ ಬಂದ ತಾಯಿಗೆ ಇರುವ ಏಕೈಕ ಆಸರೆ. ನಮ್ಮ ನೇಮಕ ತಾತ್ಕಾಲಿಕ. ನಾವು ಸೇವೆ ಮಾಡಬೇಕಾದ ಜನರ ಬದುಕು ತಾತ್ಕಾಲಿಕವಲ್ಲ.

ಹೀಗೆ ದೂರದಿಂದ ಕೆಲಸಕ್ಕೆ ಬಂದವರ ನೆನಪು ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಮೇಲೆಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಅವುಗಳಲ್ಲಿರುವುದು ಸುವರ್ಣಗಿರಿ ಎಂಬ ಊರಿನಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ರಾಜಾಜ್ಞೆ. ಆದರೂ ಆಜ್ಞೆಗೆ ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎನ್ನುತ್ತದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಿಸಿದರೆ ಶ್ರೇಯಸ್ಸು ಪಡೆಯಬಲ್ಲರು ಎಂಬ ಭರವಸೆಯನ್ನೂ ಕೊಡುತ್ತದೆ. ಅದರಲ್ಲಿ 256 ಎಂಬ ಅಂಕಿಯಿದೆ. ಮನೆಯಿಂದ ದೂರ, ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಅರ್ಥೈಸಿದ್ದಾರೆ.

ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. ಇಡೀ ಬರಹ ಬ್ರಾಹ್ಮಿಯಲ್ಲಿ. ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಕೊನೆಯ ಪದ ಮಾತ್ರ ಖರೋಷ್ಠಿಯಲ್ಲಿ. ಖರೋಷ್ಠಿ ದೂರದ ಗಾಂಧಾರದ ಕಡೆ, ಅಂದರೆ ಇಂದಿನ ಪಾಕಿಸ್ತಾನದ ವಾಯವ್ಯದಲ್ಲಿ ಬಳಕೆಯಲ್ಲಿದ್ದ ಲಿಪಿ. ಹಾಗಾಗಿ ಚಪಡ ಆ ಕಡೆಯಿಂದಲೇ ಬಂದವನಿರಬೇಕು ಎಂದು ಊಹಿಸುತ್ತಾರೆ. ಅವನು ಇಲ್ಲಿ ಎಷ್ಟು ದಿನ ಇದ್ದನೋ, ಬಂಡೆ ಹೇಳುವುದಿಲ್ಲ. ಅವನು ಮಾಡಿದ ಕೆಲಸ ಮಾತ್ರ ಎರಡು ಸಾವಿರದ ಇನ್ನೂರು ವರ್ಷ ದಾಟಿ ಉಳಿದಿದೆ. ಕೆಲಸವನ್ನು ಈ ನೆಲದ ಜನರಿಗೆ ಬೇಕಾದ ಲಿಪಿಯಲ್ಲಿ ಪೂರ್ತಿಯಾಗಿ ಮಾಡಿಕೊಟ್ಟ. ತನ್ನ ಮೂಲವನ್ನು ಒಂದು ಪದದಷ್ಟು ಉಳಿಸಿಕೊಂಡ. ಪರ ಊರಿನಲ್ಲಿ ಬಾಳುವವರಿಗೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಾಣದು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಗಳೂ ಹೊರಗಿನಿಂದ ಬಂದವರೇ. ಬಂದ ಊರಿಗೆ ನೀರಿಲ್ಲವೆಂದು ಹೊರಟುಹೋಗಲಿಲ್ಲ, ಕೆರೆ ಕಟ್ಟಿಸಿದರು. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಮಾತು ಈ ಸೀಮೆಯ ಮನೆಮನೆಯಲ್ಲಿದೆ. ದುಡಿದಷ್ಟು ಸಲ್ಲಬೇಕು ಎಂಬ ಆ ನ್ಯಾಯ ಊರಿನ ವಿಷಯದಲ್ಲೂ ನಿಜ. ನಾವು ಕೊಟ್ಟಷ್ಟೇ ಊರು ನಮಗೆ ಕೊಡುತ್ತದೆ.

ಇಂದು ಚಳ್ಳಕೆರೆ ಬಳಿಯ ಕುದಾಪುರದ ವಿಜ್ಞಾನ ಸಂಸ್ಥೆಗಳಿಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಬ್ಯಾಂಕು, ಶಾಲೆ, ಆಸ್ಪತ್ರೆಗಳಿಗೂ ಬರುತ್ತಲೇ ಇರುತ್ತಾರೆ. ಅವರಲ್ಲಿ ನನ್ನ ವಿನಂತಿ: ಮೊಳಕಾಲ್ಮುರಿನ ನೇಕಾರರ ಗುಂಡಿಮಗ್ಗದ ಬಳಿ ಒಂದು ಗಳಿಗೆ ಕುಳಿತುಕೊಳ್ಳಿ. ಕಂಬಳಿ ನೇಯುವವರನ್ನು ಮಾತಾಡಿಸಿ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋಗಿಬನ್ನಿ. ಊರಿನವರಲ್ಲಿಯೂ ಒಂದು ವಿನಂತಿ: ಹೊಸಬರನ್ನು "ಎಷ್ಟು ದಿನ ಇರ್ತೀರಿ?" ಎಂದು ಕೇಳುವ ಮೊದಲು "ಊಟ ಆಯ್ತಾ?" ಎಂದು ಕೇಳಿ.

ವರ್ಗಾವಣೆಯ ದಿನಾಂಕ ನಮ್ಮ ಕೈಯಲ್ಲಿಲ್ಲ. ಇರುವ ದಿನಗಳನ್ನು ಪೂರ್ತಿ ಬಾಳುವುದು ನಮ್ಮ ಕೈಯಲ್ಲಿದೆ. ಎಲ್ಲಿದ್ದರೂ, ಇರುವಷ್ಟು ದಿನ ಆ ಊರಿನವರೇ ಆಗಿ ಬಾಳೋಣ.