ತೂಕದ ಮೋಸ ಮತ್ತು ಭೂಮಿಯ ಅಮಾನತ್

(ಜುಮಾ ಖುತ್ಬಾದ ಸಾರಾಂಶ)

ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಪ್ರವಾದಿ ಶುಐಬ್(ಅ) ಮದ್‌ಯನ್ ಜನರನ್ನು ತೌಹೀದಿನೆಡೆಗೆ ಕರೆದರು. ಜೊತೆಗೆ ಅಳತೆ, ತೂಕದಲ್ಲಿ ಮೋಸ ಮಾಡಬೇಡಿ ಎಂದರು. ಅವರ ವಿರುದ್ಧ ನಿಂತವರು ಊರಿನ ಮುಖಂಡರು. ನಮ್ಮ ಸಂಪತ್ತನ್ನು ನಾವು ಹೇಗೆ ಬಳಸಿದರೂ ಯಾರೂ ಕೇಳಬಾರದು ಎಂಬುದು ಅವರ ಧೋರಣೆಯಾಗಿತ್ತು. ಇಂದು ಅದೇ ಧೋರಣೆ ಹವಾಮಾನ ಮಾತುಕತೆಯ ಮೇಜಿನಲ್ಲಿ ಕುಳಿತಿದೆ.

ವಿಶ್ವಸಂಸ್ಥೆಯ ಹವಾಮಾನ ಒಪ್ಪಂದವಾದದ್ದು 1992ರಲ್ಲಿ. ಮತದಾನದ ನಿಯಮ ಇಂದಿಗೂ ಅಂಗೀಕಾರವಾಗಿಲ್ಲ. ಎಲ್ಲರೂ ಒಪ್ಪಿದರಷ್ಟೇ ತೀರ್ಮಾನ. ಆದ್ದರಿಂದ ಕೆಲವೇ ರಾಷ್ಟ್ರಗಳು ಎಲ್ಲರನ್ನೂ ತಡೆಯಬಲ್ಲವು. 2018ರಲ್ಲಿ ಪೋಲೆಂಡಿನ ಕಟೊವಿಟ್ಸೆಯಲ್ಲಿ, ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಕುರಿತ ವಿಜ್ಞಾನಿಗಳ ವರದಿ ಬಂತು. ಅದನ್ನು 'ಸ್ವಾಗತಿಸುತ್ತೇವೆ' ಎನ್ನಲು ಅಮೆರಿಕ, ರಷ್ಯಾ, ಸೌದಿ ಅರೇಬಿಯಾ, ಕುವೈತ್ ಒಪ್ಪಲಿಲ್ಲ. ಕೊನೆಗೆ ವರದಿ ಸಕಾಲದಲ್ಲಿ ಮುಗಿದುದನ್ನಷ್ಟೇ ಸ್ವಾಗತಿಸಲಾಯಿತು! 2023ರಲ್ಲಿ ದುಬೈ ಸಮ್ಮೇಳನ ನಡೆಯುತ್ತಿರುವಾಗಲೇ, ಪಳೆಯುಳಿಕೆ ಇಂಧನವನ್ನು ಗುರಿಯಾಗಿಸುವ ಯಾವ ಪಠ್ಯಕ್ಕೂ ಒಪ್ಪಬೇಡಿ ಎಂದು ತೈಲ ರಫ್ತು ರಾಷ್ಟ್ರಗಳ ಒಕ್ಕೂಟದ ಕಾರ್ಯದರ್ಶಿ ಸದಸ್ಯರಿಗೆ ಪತ್ರ ಬರೆದರು.

ಇದರ ಬೆಲೆ ತೆರುವವರು ಯಾರು? 2022ರ ಪಾಕಿಸ್ತಾನದ ಪ್ರವಾಹದಲ್ಲಿ 1,700ಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು 3.3 ಕೋಟಿ ಜನ ಸಂಕಷ್ಟಕ್ಕೀಡಾದರು. ಗಲ್ಫಿನ ಸುಡುಬಿಸಿಲಲ್ಲಿ ಕಟ್ಟಡದ ಮೇಲೆ ದುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಸಹೋದರರೇ, ಹರಮೈನ್ ಇರುವ ನಾಡು ನಮ್ಮ ಹೃದಯಕ್ಕೆ ಹತ್ತಿರ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫಿನ ದುಡಿಮೆಯಿಂದ. ಹಾಗೆಂದು ಬಾಯಿ ಮುಚ್ಚಿಕೊಳ್ಳಬೇಕೇ? ನಮಗೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂಬುದು ಸೂರಾ ನಿಸಾದ ಆಜ್ಞೆ. ಇದು ಮುಸ್ಲಿಮ್ ರಾಷ್ಟ್ರಗಳದ್ದೊಂದೇ ತಪ್ಪಲ್ಲ. ಅಮೆರಿಕದ ಎಕ್ಸಾನ್ ಕಂಪೆನಿಗೆ ಅದರ ವಿಜ್ಞಾನಿಗಳೇ 1970ರ ದಶಕದಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಕಂಪೆನಿ ಜನರಲ್ಲಿ ಸಂಶಯ ಬಿತ್ತಿತು. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲಿನ ಮಾತನ್ನು ಮೆದುಗೊಳಿಸಿದವರಲ್ಲಿ ನಮ್ಮ ಭಾರತವೂ ಇತ್ತು. ಹೆಚ್ಚು ಸುಟ್ಟ ಶ್ರೀಮಂತ ದೇಶಗಳು ಹೆಚ್ಚು ಹೊರೆ ಹೊರಬೇಕೆಂಬ ಭಾರತದ ವಾದದಲ್ಲಿ ನ್ಯಾಯವಿದೆ. ಆದರೆ ಇನ್ನೊಬ್ಬರ ತೂಕ ತಪ್ಪೆಂದು ನಮ್ಮ ತಕ್ಕಡಿ ಸರಿಯಾಗುವುದಿಲ್ಲ.

ದೊಡ್ಡವರನ್ನು ಬೈದು ಮನೆಗೆ ಹೋಗುವುದು ಸುಲಭ. ನಮ್ಮ ನಿಕಾಹ್‌ನಲ್ಲಿ ಚೆಲ್ಲುವ ಅನ್ನ, ವುಝೂವಿನಲ್ಲಿ ಹರಿದುಹೋಗುವ ನೀರು, ಅಂಗಡಿಯ ತಕ್ಕಡಿ, ಇವುಗಳ ಲೆಕ್ಕವನ್ನೂ ಅಲ್ಲಾಹನು ಕೇಳುವನು. ಭೂಮಿ ನಮ್ಮ ಆಸ್ತಿಯಲ್ಲ, ಅಮಾನತ್.

ಸತ್ಯವನ್ನು ಸ್ವಂತದವರ ಮುಂದೆಯೂ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.