ಎಕ್ಸ್‌ಪೇಟ್ರಿಯೇಟ್ ಅಂದರೆ ಯಾರು?

(ರಾಜ್ಯೋತ್ಸವದ ಕೂಟದಲ್ಲಿ ಆಡಿದ ಮಾತು, ಅಲ್ ಮಬೇಲಾ)

ರಜೆ ದಿನದ ನಿದ್ದೆ ಬಿಟ್ಟು ಬಂದಿದ್ದೀರಿ, ಹೆಚ್ಚು ಕೊರೆಯಲ್ಲ.

ಹೋದ ತಿಂಗಳು ನಮ್ಮ ಸೈಟಿನ ಬೋರ್ಡಿಗೆ ಒಂದು ನೋಟೀಸು ಅಂಟಿಸಿದ್ದರು. ಎಕ್ಸ್‌ಪೇಟ್ರಿಯೇಟ್ ಅಂತ ಬರೆಯೋ ಕಡೆ 'ಎಕ್ಸ್ ಪೇಟ್ರಿಯಟ್' ಅಂತ ಬಿದ್ದಿತ್ತು. ರೂಮಿನ ಹುಡುಗ ಓದಿ, "ಅಣ್ಣಾ, ನಾವೇನು ಮಾಜಿ ದೇಶಭಕ್ತರಾ?" ಅಂದ. ಎಲ್ಲರೂ ನಕ್ಕೆವು. ಆದರೆ ಆ ಪದ ನನ್ನ ತಲೆಯಲ್ಲೇ ಉಳೀತು. ರಾತ್ರಿ ಡಿಕ್ಷನರಿ ನೋಡಿದೆ.

ಪದದ ಬೇರು ಲ್ಯಾಟಿನ್ನಿನದು. 'ಎಕ್ಸ್' ಅಂದರೆ ಹೊರಗೆ. 'ಪಾತ್ರಿಯಾ' ಅಂದರೆ ತಂದೆಯ ನಾಡು. ಅದು 'ಪಾತೆರ್', ಅಂದರೆ ತಂದೆ, ಅನ್ನೋದರಿಂದ ಬಂದದ್ದು. ನಮ್ಮ ಪಿತೃಪಕ್ಷದ 'ಪಿತೃ' ಇದರ ದಾಯಾದಿ. 18ನೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಈ ಪದಕ್ಕೆ ಗಡೀಪಾರು ಮಾಡು ಅಂತಲೇ ಅರ್ಥವಿತ್ತು. ತಾನಾಗಿ ಹೊರದೇಶದಲ್ಲಿ ಇರೋನು ಅನ್ನೋ ಅರ್ಥ ಗಟ್ಟಿಯಾದದ್ದು ಆಮೇಲೆ. ದೇಶಭಕ್ತ ಅನ್ನೋ 'ಪೇಟ್ರಿಯಟ್' ಕೂಡ ಇದೇ ಮನೆತನದ್ದು. ಹಾಗಾಗಿ ನೋಟೀಸು ಬರೆದವರ ತಪ್ಪು ಅಂಥಾ ದೊಡ್ಡದಲ್ಲ!

ನೋಡಿ, ಇಂಗ್ಲಿಷ್ ನಮ್ಮನ್ನು ಕರೆಯೋದು ನಾಡು ಬಿಟ್ಟವನು ಅಂತ. ನಮ್ಮವರು ಅನಿವಾಸಿ, ಅಂದರೆ ಇಲ್ಲಿ ವಾಸ ಇಲ್ಲದವನು ಅಂತಾರೆ. ಅರಬ್ಬಿಯಲ್ಲಿ ನಾವು 'ವಾಫಿದ್', ಅಂದರೆ ಬಂದವನು. ನಿಯೋಗ ಅನ್ನೋದಕ್ಕಿರೋ 'ವಫ್ದ್' ಕೂಡ ಅದೇ ಬೇರಿನದು. ಬಿಟ್ಟವನು, ಇಲ್ಲದವನು, ಬಂದವನು. ಮೂರೂ ನಾವೇ.

ಇದೇ ಪಾತ್ರಿಯಾದ ಮುಂದೆ 'ರಿ', ಅಂದರೆ ಮರಳಿ, ಸೇರಿಸಿದರೆ ರಿಪೇಟ್ರಿಯೇಶನ್. ತಂದೆಯ ನಾಡಿಗೆ ವಾಪಸು ಕಳಿಸೋದು. ನಾನು ಆ ಪದ ಮೊದಲು ಓದಿದ್ದು ನಮ್ಮ ಕ್ಯಾಂಪಿನ ಗೆಳೆಯನೊಬ್ಬ ತೀರಿಕೊಂಡಾಗ, ಅವನ ದೇಹ ಊರಿಗೆ ಕಳಿಸೋ ಕಾಗದದಲ್ಲಿ. ಅರ್ಥ ಗೊತ್ತಿಲ್ಲದೆ, ತೋರಿಸಿದ ಕಡೆ ಸಾಕ್ಷಿ ಸಹಿ ಹಾಕಿದ್ದೆ.

ಅದಕ್ಕೇ ಹೇಳೋದು. ಇವತ್ತು ರೂಮಿಗೆ ಹೋದ ಮೇಲೆ ನಿಮ್ಮ ಕರಾರುಪತ್ರ ತೆಗೆದು ಈ ಪದ ಎಲ್ಲಿದೆ ಹುಡುಕಿ. ಕೆಲಸ ಮುಗಿದಾಗ ಊರಿನ ಟಿಕೆಟ್ ಯಾರ ಖರ್ಚು, ಏನಾದರೂ ಆದರೆ ಯಾರು ನೋಡಿಕೋತಾರೆ, ಓದಿ. ತಿಳೀಲಿಲ್ಲ ಅಂದರೆ ತಿಳಿದವರ ಹತ್ರ ಓದಿಸಿ. ನಾಚಿಕೆ ಬೇಡ.

ಹೊರಡುವಾಗ ನಾವೆಲ್ಲ ನಡೆದು ಬಂದವರು. ಮರಳಿ ಹೋಗುವಾಗಲೂ ಅಪ್ಪನ ಮನೆ ಬಾಗಿಲಿಗೆ ನಮ್ಮ ಕಾಲ ಮೇಲೇ ನಡೆದು ಹೋಗೋಣ.